ಒಂದು ಓಟಿಗೆ ಒಂಬತ್ತು ಗಂಟೆ

ಚುನಾವಣೆಯ ಹಿಂದಿನ ದಿನ ಪಿರೇಯಸ್ ಬಂದರಿನಲ್ಲಿ ಹಡಗಿಗೆ ಸಾಲು ನಿಂತಿದ್ದ ಫೊತಿನಿಗೆ, ಮುಂದಿದ್ದ ತನ್ನ ದ್ವೀಪದ ಮುದುಕಿ ಸ್ತಮಾತಿಯಾ ಮತ್ತು ಅವಳ ನಾದಿನಿ ಅರ್ಗಿರೊ ಆಡುತ್ತಿದ್ದ ಮಾತು ಕಿವಿಗೆ ಬಿತ್ತು.

"ನಿಮ್ಮ ಈ ಮಂಡಿನೋವು ಇಟ್ಕೊಂಡು ಒಂದು ಓಟಿಗೆ ಒಂಬತ್ತು ಗಂಟೆ ಸಮುದ್ರದ ಮೇಲೆ ಹೋಗಬೇಕಾ ಅತ್ತಿಗೆ?"

"ನಮ್ಮ ಹೆಸರು ಇರೋದು ಊರಿನ ಓಟರ್ ಪಟ್ಟೀಲಿ ತಾನೆ."

"ಈ ಹೊಸ ಪಕ್ಷದ ಹುಡುಗರು ಗೆದ್ದು, ಊರಲ್ಲಿ ಮುಚ್ಚಿದ ಆಸ್ಪತ್ರೆ ಮತ್ತೆ ತೆಗೆದುಬಿಡ್ತಾರೇನು?"

"ತೆಗೀದಿದ್ರೆ ಅವರನ್ನ ಇಳಿಸೋಕೂ ಇದೇ ಹಡಗು ಹತ್ತೀನಿ. ಖರ್ಚು ಉಳಿಸ್ತೀವಿ ಅಂತ ಡಾಕ್ಟರನ್ನ ಕಿತ್ಕೊಂಡೋರಿಗೆ ಮಾತ್ರ ಹಾಕಲ್ಲ."

"ನಮ್ಮಣ್ಣ ಜೀವನಪೂರ್ತಿ ಹಾಕಿದ್ದು ಅವರಿಗೇ."

"ಹಾಕಿದ್ರು. ಎದೆನೋವು ಬಂದಾಗ ಈ ಹಡಗಿಗೇ ದಡದಲ್ಲಿ ಕಾಯ್ತಾ ಕಾಯ್ತಾ ಹೋಗಿಬಿಟ್ರು."

ಹಡಗಿನ ಬಾಗಿಲು ತೆರೆದಾಗ ಅರ್ಗಿರೊ ಎರಡೂ ಚೀಲಗಳನ್ನು ತಾನೇ ಎತ್ತಿಕೊಂಡಳು.

"ನನ್ನ ಭುಜ ಹಿಡ್ಕೊಳ್ಳಿ ಅತ್ತಿಗೆ," ಎಂದು ಮುಂದೆ ನಡೆದಳು.