ಮೂಲೆ ಮಡಚಿದ ಚೀಲ

“ಎದೆ ಬಿಟ್ಟ ಹಾಲು ಎದೆಗೆ ಮರಳದು...”

ಮಾನ್ಯ ಅಧ್ಯಕ್ಷರೇ, ಇಂದು ಈ ಆಸ್ಪತ್ರೆಯ ಎದೆಹಾಲಿನ ಬ್ಯಾಂಕನ್ನು ಉದ್ಘಾಟಿಸಿದ ಹಿರಿಯ ಡಾಕ್ಟರೇ, ದಾದಿಯರೇ, ಮಡಿಲಲ್ಲಿ ಮಲಗಿರುವ ನಮ್ಮ ಅತಿ ಕಿರಿಯ ಸಭಿಕರೇ, ಅವರನ್ನು ಮಲಗಿಸಲು ಒದ್ದಾಡುತ್ತಿರುವ ಹಿರಿಯ ಸಭಿಕರೇ,

ಈ ಸಾಲನ್ನು ಎಲ್ಲಿ ಓದಿದೆನೋ ನೆನಪಿಲ್ಲ. ಮುಂದಿನ ಸಾಲಂತೂ ಮರೆತೇ ಹೋಗಿದೆ. ಕಾವ್ಯ ಪಾಠ ಮಾಡುವವಳು ಅರ್ಧ ಸಾಲು ಹಿಡಿದುಕೊಂಡು ವೇದಿಕೆ ಹತ್ತಬಾರದು, ಒಪ್ಪುತ್ತೇನೆ. ಆದರೆ ಈ ಸಾಲು ನಿಜವೇ ಎಂದು ನನಗೆ ಅನುಮಾನ. ಎದೆ ಬಿಟ್ಟ ಹಾಲು ಮರಳದಿರಬಹುದು. ಹಾಗಾದರೆ ಅದು ಹೋಗುವುದಾದರೂ ಎಲ್ಲಿಗೆ?

ಸಭೆಗೆ ತಡವಾಗಿ ಬಂದೆ, ಕ್ಷಮಿಸಿ. ಕಾರಣವನ್ನು ಕೊನೆಗೆ ಹೇಳುತ್ತೇನೆ.

ನನ್ನನ್ನು ಇಲ್ಲಿಗೆ ಕರೆದದ್ದು ನನ್ನ ತಂಗಿಯ ಹೆಸರಿನಲ್ಲಿ ಈ ಬ್ಯಾಂಕಿಗೆ ಒಂದು ಫ್ರೀಜರ್ ಕೊಟ್ಟೆವೆಂದು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಹೆರಿಗೆ ರಜೆ ಮುಗಿದ ಮೇಲೆ, ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಪಂಪು ಹಿಡಿದು ಕೂತು ಹಾಲು ತೆಗೆಯುತ್ತಿದ್ದಳು. “ಗಾಜಿಲ್ಲದ ಕನ್ನಡಕ ಎಲ್ಲಾ ಸಾಲಾಗಿ ನನ್ನೇ ನೋಡ್ತಾವೆ ಕಣೇ ಅಕ್ಕ. ನಾಚಿಕೆ ಆಗುತ್ತೆ,” ಎಂದು ನಗುತ್ತಿದ್ದಳು.

ಹಾಲನ್ನು ಸಣ್ಣ ಚೀಲಕ್ಕೆ ತುಂಬುವುದು, ಗಾಳಿ ಹಿಂಡಿ ಬಾಯಿ ಮುಚ್ಚುವುದು, ಮನೆಗೆ ತಂದು ಫ್ರೀಜರಿನಲ್ಲಿ ಅಡ್ಡ ಮಲಗಿಸುವುದು. ಹಾಗೆ ಮಲಗಿಸಿದರೆ ಲಕೋಟೆಯಂತೆ ತೆಳ್ಳಗೆ ಹೆಪ್ಪುಗಟ್ಟುತ್ತದೆ, ಬೇಗ ಕರಗುತ್ತದೆ. “ಹಳೇದು ಮುಂದೆ, ಹೊಸದು ಹಿಂದೆ. ಕರಗಿಸಿದ್ದನ್ನ ವಾಪಸ್ ಇಡಬೇಡ. ಒಲೆ ಮೇಲಂತೂ ಇಡಲೇಬೇಡ, ಬೆಚ್ಚಗಿನ ನೀರಲ್ಲಿ ಕೂರಿಸು,” ಎಂದು ನನಗೆ ಪಾಠ ಹೇಳುತ್ತಿದ್ದಳು. ಅಮ್ಮ ರೇಗುತ್ತಿದ್ದಳು: “ಈ ಮನೇಲಿ ಒಂದು ತುಂಡು ಐಸ್ ಇಡೋಕೆ ಜಾಗ ಇಲ್ಲ. ಹಲ್ಲು ಬರೋ ಮೊದಲೇ ನಿನ್ನ ಮಗಳು ಆಸ್ತಿ ಮಾಡ್ಕೊಂಡು ಕೂತಿದ್ದಾಳೆ!”

ಅಂಗಡಿಯ ಫ್ರಿಜ್ಜನ್ನು ಎಲ್ಲರೂ ಬಳಸುತ್ತಿದ್ದರಲ್ಲ, ತನ್ನ ಚೀಲ ಗುರುತಾಗಲೆಂದು ಅವಳು ಒಂದು ಮೂಲೆಯನ್ನು ಎರಡು ಬಾರಿ ಮಡಚುತ್ತಿದ್ದಳು. ನನ್ನ ಕವಿತೆಯ ಪುಸ್ತಕಗಳಿಗೂ ಅದೇ ಗತಿ. ಓದಿದ ಪುಟದ ಮೂಲೆ ಮಡಚದಿದ್ದರೆ ಅವಳಿಗೆ ನಿದ್ದೆ ಬಾರದು. ಎಷ್ಟು ಬೈದಿದ್ದೇನೋ.

ಒಂದು ಸಂಜೆ ಅಂಗಡಿಯಿಂದ ಬರುತ್ತಾ ರಸ್ತೆ ದಾಟುವಾಗ ಅವಳಿಗೆ ವಾಹನ ಬಡಿಯಿತು. ಅವಳು ಮನೆಗೆ ಬರಲಿಲ್ಲ. ಹಾಲು ಕೆಡದಂತೆ ಹೊತ್ತು ತರುತ್ತಿದ್ದ ಅವಳ ಐಸ್ ಚೀಲ ಬಂತು. ಯಾರೋ ಪೊಲೀಸಿನವರು ತಂದು ಕೈಗಿತ್ತರು. ಒಳಗಿದ್ದ ಹಾಲು ಇನ್ನೂ ತಣ್ಣಗಿತ್ತು. ಸಭಿಕರೇ, ನೀವೇ ಹೇಳಿ, ಆ ಹಾಲನ್ನು ಏನು ಮಾಡಬೇಕು?

“ಚೆಲ್ಲಿಬಿಡೇ,” ಎಂದಳು ಅಮ್ಮ. “ಹೋದವಳ ಹಾಲು ಕೂಸಿಗೆ ಕುಡಿಸ್ತಾರಾ?” ಅಷ್ಟರಲ್ಲಿ ಕೂಸು ಅತ್ತಿತು. ಅಮ್ಮ ತಾನೇ ಎದ್ದು ಹೋಗಿ ನೀರು ಬೆಚ್ಚಗೆ ಮಾಡಿದಳು. ಚೀಲವನ್ನು ಅದರಲ್ಲಿ ಕೂರಿಸುತ್ತಾ ಗೋಡೆಗೆ ಹೇಳುವವಳಂತೆ ಹೇಳಿದಳು: “ಹೆತ್ತವಳು ಎತ್ತಿಟ್ಟಿದ್ದು. ಅವಳು ಹೋದ್ಲು ಅಂತ ಹಳಸಿಬಿಡುತ್ತಾ?”

ಕೂಸು ಆ ಹಾಲೊಂದನ್ನೇ ಕುಡಿಯುತ್ತಿತ್ತು. ಪುಡಿ ಹಾಲು ಕೊಟ್ಟರೆ ತುಟಿ ಬಿಗಿದು ಮುಖ ತಿರುಗಿಸುತ್ತಿತ್ತು. ಚಮಚ, ಬಾಟಲಿ, ಬೆರಳು, ಯಾವುದಕ್ಕೂ ಜಗ್ಗಲಿಲ್ಲ. ತೂಕ ಇಳಿಯತೊಡಗಿತು. ಫ್ರೀಜರಿನಲ್ಲಿ ಲಕೋಟೆಗಳ ಸಾಲು ಮೋಟಾಗುತ್ತಾ ಬಂತು. ಅದು ಮುಗಿದ ದಿನ ಏನಾಗುತ್ತದೆಂದು ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕೊನೆಯ ಚೀಲವನ್ನು ಎತ್ತಿಕೊಂಡೆ. ಅದರ ಹಿಂದೆ ಇನ್ನೊಂದಿತ್ತು.

ತಪ್ಪು ನೋಡಿರಬೇಕು ಎಂದುಕೊಂಡೆ. ಮರುದಿನ ಅದನ್ನೂ ತೆಗೆದೆ. ಹಿಂದೆ ಮತ್ತೊಂದಿತ್ತು. ಎಲ್ಲದರಲ್ಲೂ ಮೂಲೆ ಎರಡು ಬಾರಿ ಮಡಚಿತ್ತು. ಮುಟ್ಟಿದೆ. ಹೊಸದು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಬೆರಳೊತ್ತಿದರೆ ಒಳಗೆ ಹಾಲು ಸರಿದಾಡುತ್ತಿತ್ತು.

ತಂಗಿಯ ಗಂಡನನ್ನು ಕೇಳಿದೆ: “ಯಾರ ಹತ್ರಾನಾದ್ರೂ ಕೇಳಿ ತಂದಿಡ್ತಾ ಇದ್ದೀಯೇನಪ್ಪಾ?” ಅವನು ತಲೆ ಎತ್ತದೆ, “ಅವಳು ಹೋದ್ಮೇಲೆ ಆ ಬಾಗಿಲು ನಾನು ತೆಗ್ದೇ ಇಲ್ಲ ಅಕ್ಕ,” ಎಂದ. ಅಮ್ಮನನ್ನು ಕೇಳಲು ಹೋದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. “ಸುಮ್ನಿರು. ಕೊಡೋ ಕೈನ ಪ್ರಶ್ನೆ ಕೇಳಬಾರದು. ಕೇಳಿದ್ರೆ ನಿಂತುಹೋಗುತ್ತೆ.”

ಎಲ್ಲಿಂದ ಬಂತೆಂದು ತಿಳಿಯದ ಹಾಲನ್ನು ಮಗುವಿಗೆ ಕೊಡಬಾರದು ಎಂದು ಡಾಕ್ಟರು ಈಗಷ್ಟೇ ಹೇಳಿದರು. ನೂರಕ್ಕೆ ನೂರು ಸರಿ. ದಯವಿಟ್ಟು ಯಾರೂ ಕೊಡಬೇಡಿ. ಆದರೆ ಡಾಕ್ಟರೇ, ಎಲ್ಲಿಂದ ಬಂತೆಂದು ನಮಗೆ ತಿಳಿದಿತ್ತಲ್ಲ?

ಓದಿದವಳು ನಾನು. ಸುಮ್ಮನಿರಲು ಬರುವುದೇ? ಒಂದು ರಜೆಯ ದಿನ ಬೆಳಿಗ್ಗೆಯೇ ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಕಿಟಕಿಯ ಬಿಸಿಲು ನೆಲದ ಮೇಲೆ ತೆವಳಿತು. ಫ್ರಿಜ್ಜು ಗುಂಯ್ ಎಂದಿತು, ಸುಮ್ಮನಾಯಿತು, ಮತ್ತೆ ಗುಂಯ್ ಎಂದಿತು. ಬಾಗಿಲು ತೆಗೆದು ತೆಗೆದು ನೋಡಿದೆ. ಬರಿ ಮಂಜು. ಒಳಗಿನ ಕೋಣೆಯಲ್ಲಿ ಕೂಸು ಅತ್ತು ಅತ್ತು ಗಂಟಲು ಕಟ್ಟಿ, ಕೊನೆಗೆ ಅಳುವ ಶಕ್ತಿಯೂ ಇಲ್ಲದಂತಾಯಿತು. ಅಮ್ಮ ಬಂದು ಬಾಗಿಲಲ್ಲಿ ನಿಂತಳು. ಬೈಯಲಿಲ್ಲ. “ಅವಳಿಗೆ ನಾಚಿಕೆ ಕಣೇ, ಎದ್ದು ಬಾ,” ಎಂದಳು, ಅಷ್ಟೇ.

ಕುರ್ಚಿ ಎತ್ತಿಕೊಂಡು ಹೊರಗೆ ಬಂದೆ. ಬರುವಾಗ, ನಿಮ್ಮ ಮುಂದೆ ಹೇಳಲು ಸಂಕೋಚ, ಆ ಬಿಳಿ ಬಾಗಿಲಿಗೆ ಹೇಳಿದೆ: “ಇನ್ನು ಪುಸ್ತಕ ಮಡಚಿದ್ದಕ್ಕೆ ಬೈಯಲ್ಲ ಬಾರೇ.” ಗೋಡೆಯಾಚೆ ನಿಂತು ಬಟ್ಟೆ ಒಣಗಿಸುವ ನೆಪ ಮಾಡಿದೆ. ಅಡುಗೆಮನೆಯೊಳಗೆ ಪಂಪಿನ ಸದ್ದು ಕೇಳಿಸಿತು. ಎಳೆಯುವುದು, ಬಿಡುವುದು. ಎಳೆಯುವುದು, ಬಿಡುವುದು. ಅವಳ ಪಂಪನ್ನು ನಾನೇ ಒರೆಸಿ, ಡಬ್ಬಿಯಲ್ಲಿ ಹಾಕಿ, ಅಟ್ಟಕ್ಕೆ ಸೇರಿಸಿದ್ದೆ.

ಒಳಗೆ ಹೋದಾಗ ಫ್ರೀಜರಿನಲ್ಲಿದ್ದ ಚೀಲ ಬೆಚ್ಚಗಿತ್ತು.

ಮಗುವಿಗೆ ಹಲ್ಲು ಬಂತು. ಲೋಟ ಹಿಡಿದು ಕುಡಿಯುವುದನ್ನು ಕಲಿಯಿತು. ಹಾಗೆ ಕಲಿತ ದಿನ ಫ್ರೀಜರು ಖಾಲಿಯಾಯಿತು. ಅಮ್ಮನಿಗೆ ಅಂದು ಐಸ್ ಇಡಲು ಜಾಗ ಸಿಕ್ಕಿತು. ಅವಳು ಕೊನೆಯವರೆಗೂ ಇಡಲಿಲ್ಲ.

ಆ ಮಗು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ನನಗಿಂತ ಎತ್ತರ. ಇದೆಲ್ಲ ಅವಳಿಗೂ ಹೊಸ ಸುದ್ದಿ. ಹಾಗೆ ನೋಡಬೇಡ ಪುಟ್ಟಿ. ಮನೆಯಲ್ಲಿ ಹೇಳಲು ಧೈರ್ಯ ಸಾಲದೆ ಮೈಕಿನ ಮುಂದೆ ಹೇಳುತ್ತಿದ್ದೇನೆ. ಅವಳು ನನ್ನ ಪುಸ್ತಕಗಳ ಪುಟ ಮಡಚುವುದಿಲ್ಲ, ಕಾಗದದ ಚೂರು ಇಟ್ಟು ಗುರುತು ಮಾಡುತ್ತಾಳೆ. ಒಳ್ಳೆಯ ಅಭ್ಯಾಸ. ನನಗೇ ಬೇಸರ. ಇಷ್ಟು ವರ್ಷವೂ ಖಾಲಿ ಫ್ರೀಜರಿನ ಹಿಂಭಾಗಕ್ಕೆ ದಿನಕ್ಕೊಮ್ಮೆ ಕೈಹಾಕಿ ನೋಡಿದ್ದೇನೆ. ನಮಗಿನ್ನು ತನ್ನಿಂದ ಬೇಕಾದದ್ದು ಏನೂ ಇಲ್ಲ ಎಂದು ತಂಗಿಯೇ ತೀರ್ಮಾನಿಸಿಬಿಟ್ಟಳಲ್ಲ, ಅದನ್ನು ಹೇಗೆ ಒಪ್ಪಲಿ?

ಹೆಚ್ಚು ಹಾಲು ಇರುವ ತಾಯಂದಿರು ಈ ಬ್ಯಾಂಕಿಗೆ ಕೊಡಿ. ಇಷ್ಟು ಹೇಳಲು ಬಂದವಳು ಏನೇನೋ ಹೇಳಿದೆ. ಕೇಳಿದಿರಿ, ನಿಮ್ಮ ಋಣ ದೊಡ್ಡದು. ಅಧ್ಯಕ್ಷರು ಗಡಿಯಾರ ನೋಡಿಯೂ ನೋಡದಂತೆ ಇದ್ದಾರೆ, ಅವರಿಗೂ ಕೃತಜ್ಞತೆ. ಎಲ್ಲರಿಗೂ ನಮಸ್ಕಾರ.

ತಡವಾದದ್ದಕ್ಕೆ ಕಾರಣ ಹೇಳುತ್ತೇನೆ ಎಂದಿದ್ದೆ. ಪಕ್ಕದ ಮನೆಗೆ ಹೊಸದಾಗಿ ಬಂದವಳು ಹಸಿ ಬಾಣಂತಿ. ಅವಳಿಗೆ ಹಾಲು ಇಳಿದಿಲ್ಲ. ಕೂಸು ಪುಡಿ ಹಾಲು ಮುಟ್ಟದೆ ಅಳುತ್ತಿದ್ದುದು ಗೋಡೆ ದಾಟಿ ನಮಗೆ ಕೇಳುತ್ತಿತ್ತು. ಇಂದು ಬೆಳಿಗ್ಗೆಯಿಂದ ಅಳುವಿಲ್ಲ. ನಾನು ಸೀರೆ ಉಟ್ಟು ಹೊರಡುವಾಗ ಅವಳು ಕೈಯಲ್ಲಿ ಖಾಲಿ ಚೀಲವೊಂದನ್ನು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು.

“ಅಕ್ಕಾ, ನಮ್ಮ ಫ್ರೀಜರಲ್ಲಿ ಹಾಲು ಇಟ್ಟೋರು ನೀವೇನಾ? ಮಗು ಕುಡೀತು, ನಿಮ್ಮ ಹೊಟ್ಟೆ ತಣ್ಣಗಿರಲಿ. ಮೂಲೆ ಮಾತ್ರ ಯಾಕೆ ಹೀಗೆ ಮಡಚಿದೀರಾ?”