ಬೇರು ಮ್ಯಾಲ ಮಾಡಿಟ್ಟ ಮೆಂತೆ

ಇಲ್ಲಪಾ, ಇಲ್ಲ! ಸಾತಪ್ಪಾ, ನೀ ಎಷ್ಟ ಸಲ ಕೇಳಿದ್ರೂ ನಿಮ್ಮಕ್ಕನ್ನ ಈಗ ನಿಮ್ಮೂರ ಸುಳಕೂಡಕ್ಕ ಕಳಸಾಕ ಆಗಂಗಿಲ್ಲ. ಮೋನಾಲಿ ಮದವಿ, ಸೋದರತ್ತಿ ಮುಂದ ನಿಂತು ಅರಿಷಿಣ ಹಚ್ಚಬೇಕು, ಎಲ್ಲಾ ಖರೆ. ನಿನ್ನ ಮಗಳಂದ್ರ ನನಗ ಬ್ಯಾರೇನು? ಆದ್ರ ಈ ಕಾಯಿಪಲ್ಯಾದ ಬಾಗ ಯಾರ ನೋಡಬೇಕು? ಅಕಿ ಹೋದ್ರ ನಾ ಒಬ್ಬಾಂವ ಎಷ್ಟಂತ ಮಾಡ್ಲಿ?... ಯಾಕ ನಗತಿ? ನಗು, ನಗು! ಹುಟ್ಟಾ ಇಚಲಕರಂಜ್ಯಾಗ ಮಗ್ಗ ನಡಿಸಿದ ನಿಮ್ಮಕ್ಕನ ಗಂಡ ಈ ಸಖಾರಾಮ ಈಗ ಒಕ್ಕಲುತನ ಮಾಡತಾನಂದ್ರ ಹೊಲದಾವರಿಗೆ ನಗೀನ ಬರತೈತಿ.

ಮೆಲ್ಲಕ ಮಾತಾಡೋ, ಅಕಿ ಒಳಗ ಮಲಗ್ಯಾಳ. ಬ್ಯಾಡ, ಎಬ್ಬಿಸಬ್ಯಾಡ! ರಾತ್ರಿ ನಿದ್ದಿ ಹತ್ತಿಲ್ಲ ಅಕಿಗೆ... ಧಗಿ, ಮತ್ತೇನು. ನೀ ಇತ್ತ ಬಾ, ಹಿತ್ತಲಾ ತೋರಸತೀನಿ.

ಇದ ನೋಡು. ಮೊದಲ ಕೋತಂಬರಿ ಹಾಕಿದ್ನಿ. ಅಡಗೀ ಮನ್ಯಾಗಿನ ಕಾಳ ತಂದು ಹಂಗ ಉಗ್ಗಿಬಿಟ್ನಿ. ಒಂದರ ಏಳಬೇಕಲ್ಲಾ! ಬಾಜೂ ಮನಿ ಮಾವಶಿ ಬೈದಳು, ‘ಕಾಳ ತಿಕ್ಕಿ ಎರಡ ಹೋಳ ಮಾಡಿ ಹಾಕಬೇಕೋ ಶಾಣ್ಯಾ!’ ಅಂತ. ಚಪ್ಪಲಿಲೆ ತಿಕ್ಕಿ ಹಾಕಿದ್ನಿ, ಬಂತು. ಆಮ್ಯಾಲ ನನ್ನ ತಲಿ ಓಡಾಕ ಹತ್ತಿತು. ಸೈಜಿಂಗದಾಗ ನೂಲ ಗಟ್ಟಿ ಆಗಲಿ ಅಂತ ಕುಡಸೂ ಗಂಜಿ ಐತೆಲ್ಲಾ, ಮನಶಾ ಗಂಜಿ ಕುಡದ್ರ ತ್ರಾಣ ಬರತೈತಿ, ಗಿಡಕ್ಯಾಕ ಬರಬಾರದು? ಎರಡ ಕೊಡ ತಂದು ಸುರುವಿದ್ನಿ. ಅಬಬಬ! ಮಣ್ಣು ಹಪ್ಪಳದಂಗ ಸೆಟದ ನಿಂತಿತು, ಊರಾನ ಇರಿವಿ ಎಲ್ಲಾ ನಮ್ಮನಿಗೇ ಬಂದ್ವು! ಬದನಿ ಸಸಿ ಪೂರಾ ಹೋದ್ವು... ನಗು, ಇದಕ್ಕ ನಾನೂ ನಕ್ಕೇನಿ. ಮುಂದ ಬ್ಯಾಸಗ್ಯಾಗ ತಂಪ ಇರಲಿ ಅಂತ ಮಗ್ಗದ ಶೆಡ್ಡಿನ ಹತ್ತಿ ಕಸಾ ತಂದು ಬುಡಕ್ಕ ಮುಚ್ಚಿದ್ನಿ. ನೀರ ಹಿಡಕೊಂಡು ಬೇರ ಕೊಳತುವು.

ಕಲತೇನಿ ಮಾರಾಯಾ, ಕೆಡಿಸಿ ಕೆಡಿಸಿ ಕಲತೇನಿ. ಮ್ಯಾಲ ನೋಡು, ಹೀರೀ ಬಳ್ಳಿ! ಮಗ್ಗದ ನೂಲ ಹೊಸೆದು ಹುರಿ ಮಾಡಿ ಮನಿ ಮ್ಯಾಲಿನ ತಗಡಿನ ತನಕಾ ಕಟ್ಟೇನಿ. ಹೆಂಗ ಹಬ್ಬೈತಿ ನೋಡು! ಮದವಿ ಮನಿಗೆ ನಾಕ ಕಾಯಿ ಹರಕೊಂಡ ಹೋಗು.

ಏನು? ಮ್ಯಾಲ ಇಷ್ಟ ಹಬ್ಬೈತಿ, ಕೆಳಗ್ಯಾಕ ಬರೇ ಮಣ್ಣ ಅಂತಿ? ಅದು... ಮೆಂತೆ ಇತ್ತು. ಭಾಳ ಛಲೋ ಬಂದಿತ್ತು. ಎರಡೆಲಿ ಆಗೂದ ತಡಾ, ಬಾಜೂ ಮನಿ ಕೋಳಿ... ಅಲ್ಲ, ಕೋಳಿ ಅಲ್ಲ, ಹೆಗ್ಗಣ. ಹಾಂ, ಹೆಗ್ಗಣ! ಮೂಲಂಗೀನೂ ಅದ ತಿಂತು, ರಾಜಗೀರಿ ಪಲ್ಯಾನೂ ಅದ...

ಏಯ್, ಆ ಒಣಗಿದ ಹಿಡಿ ಯಾಕ ಎತ್ತತಿ? ಕಸಾ ಅದು. ಬಿಡು. ಸಾತಪ್ಪಾ, ಬಿಡು ಅಂದ್ನೆಲ್ಲಾ!

...ಬೇರ ಮುಟ್ಟಿ ಮುಟ್ಟಿ ನೋಡಾಕತ್ತಿಯಲ್ಲಾ.

ಹೆಗ್ಗಣ ಹಿಂಗ ಕೀಳಂಗಿಲ್ಲ ಅನ್ನು. ಮಣ್ಣ ಝಾಡಿಸಿ, ಹಿಡಿ ಹಿಡಿ ಮಾಡಿ, ಮತ್ತ ಚಿಗೀಬಾರದಂತ ಬೇರು ಮ್ಯಾಲ ಮಾಡಿ ಬಿಸಲಿಗೆ ಇಡಾಕ ಹೆಗ್ಗಣಕ್ಕ ಯಾರ ಕಲಿಸ್ಯಾರ ಅಂತ ಕೇಳು. ನಿಮ್ಮವ್ವ ನಿಮ್ಮಿಬ್ಬರಿಗೂ ಕಲಿಸಿದ ಕಳೆ ಕೀಳೂ ಕೆಲಸ ನಿನಗ ಗುರ್ತ ಹತ್ತಲಾರದ ಇರತೈತೇನು?

ಹೌದು. ನಿಮ್ಮಕ್ಕ ಅಕ್ಕಾತಾಯೀನ ಕಿತ್ತಾಳ. ದಿನಾ ಕೀಳತಾಳ. ಮೆಂತೆ ಯಾವುದು ಕಳೆ ಯಾವುದು ಅಕಿಗೆ ತಿಳಿಯಂಗಿಲ್ಲೋ ತಮ್ಮಾ. ಒಲಿ ಹಚ್ಚೂದು ಮರತಾಳ, ಸೀರಿ ಉಡೂದು ಮರತಾಳ. ನೀ ಫೋನ್ ಮಾಡಿದಾಗೆಲ್ಲಾ ಅಕಿ ನೀರಿಗೆ ಹೋಗ್ಯಾಳ, ಪ್ಯಾಟಿಗೆ ಹೋಗ್ಯಾಳ ಅಂತಿದ್ದೆಲ್ಲಾ... ಇಲ್ಲೇ ಇರತಿದ್ದಳು. ನಿನ್ನಿ ಮುಂಜಾನೆ ನನ್ನ ಮಾರಿ ನೋಡಿ ‘ಯಾರ ಬೇಕಾಗಿತ್ರಿ?’ ಅಂದಳು. ನನಗ! ನನಗ ಅಂದಳೋ ಸಾತಪ್ಪಾ!

ಕೈ ಮಾತ್ರ ಏನೂ ಮರತಿಲ್ಲ. ಕಳೆ ಕೀಳಾಕ ಕುಂತಳಂದ್ರ ಮಾರಿ ಅರಳತೈತಿ, ಸಣ್ಣ ದನೀಲೆ ಹಾಡತಾಳ. ಅದಕ್ಕ ಬಿತ್ತತೀನಿ ನಾ. ಕಾಯಿಪಲ್ಯಾ ಪ್ಯಾಟ್ಯಾಗ ಬೇಕಾದಷ್ಟ ಸಿಗತೈತಿ. ಅಕಿಗೆ ಕೀಳಾಕ ಏನರ ಬೇಕಲ್ಲಾ?

ಈಗ ನೀನ ಹೇಳು, ಹೆಂಗ ಕಳಸಲಿ? ಅಷ್ಟ ಮಂದ್ಯಾಗ ಮೋನಾಲೀನ್ನ ನೋಡಿ ‘ಈ ಹುಡುಗಿ ಯಾರು?’ ಅಂದ್ರ? ಯಾರರ ನಕ್ರ? ಅಕಿಗೆ ಹುಚ್ಚಿ ಅಂದದ್ದ ಕೇಳಾಕ ನನ್ನ ಕೈಲೆ ಆಗಂಗಿಲ್ಲ.

ಅಳಬ್ಯಾಡೋ. ನಿನ್ನ ಮರತಿಲ್ಲ, ಕೇಳಿಲ್ಲಿ. ಕೀಳಕೋತ ಕೀಳಕೋತ ತಲಿ ಎತ್ತಿ ಒದರತಾಳ, ‘ಸಾತ್ಯಾ, ಬಿಸಲಾಗ ಬರಬ್ಯಾಡ, ನೆರಳಾಗ ಕುಂದರು’ ಅಂತ. ದಿನಾ ಒದರತಾಳ. ಅಕಿ ಸಾತ್ಯಾ ಇನ್ನೂ ಸಣ್ಣಾಂವ, ಬದುವಿನ ಮ್ಯಾಲ ಕುಂತಾನ. ಈ ಬಿಳೀ ಮೀಸಿ ಸಾತಪ್ಪನ್ನ ನೋಡಿದ್ರ ಏನಂತಾಳೋ, ನನಗ ಅಂಜಿಕಿ.

ಶ್... ಬಳಿ ಸಪ್ಪಳ. ಎದ್ದಳು. ಇತ್ತ ಬರಾಕತ್ತಾಳ. ಕಣ್ಣ ಒರಸ್ಕೋ ಮೊದಲ. ಒಮ್ಮೆಗೇ ಮುಂದ ಹೋಗಿ ‘ಅಕ್ಕಾ’ ಅನ್ನಬ್ಯಾಡ, ಅಂಜತಾಳ... ಹೋಗು, ಆ ಹೀರೀ ಬಳ್ಳಿ ಕೆಳಗ ನೆರಳಾಗ ಕುಂದರು. ಅಕಿ ಕರದಾಗ ‘ಹೂಂ’ ಅನ್ನು.