ಪ್ರಸಂಗದ ನಡುವೆ ಕಡೆಯ ಹಾಡು

ಸವಣೂರು ಬಸ್ ನಿಲ್ದಾಣದಲ್ಲಿ ಯಲವಿಗಿ ಬಸ್ಸು ತಡವಾಯಿತೆಂದು ಗೊಣಗುತ್ತ ಕೂತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರಿದ್ದರು. ಔಷಧದ ಚೀಲ ಹಿಡಿದಿದ್ದ ಚಿಕ್ಕವಳ ಹೆಸರು ರಾಹೇಲ. ಹಿರಿಯಳನ್ನು ಅವಳು ಮಾರ್ಥಕ್ಕ ಎನ್ನುತ್ತಿದ್ದಳು.

"ಇಷ್ಟೂ ಗುಳಗಿ ಯಾರಿಗೆ?" ಎಂದಳು ಮಾರ್ಥಕ್ಕ.

"ನಮ್ಮ ಅತ್ತಿಯವರಿಗೆ ಅಕ್ಕಾ, ಶುಗರಿಂದು. ಇದ್ದವನ್ನೆಲ್ಲಾ ತಿಪ್ಪಿಗೆ ಒಗದಿದ್ರು."

"ಯಾಕ?"

"ಐತವಾರ ಚರ್ಚಿಗೆ ಹೊರಗಿನ ಬೋಧಕರು ಬಂದಿದ್ರು. ವಿಶ್ವಾಸ ಇದ್ದವರು ಗುಳಗಿ ನುಂಗಬಾರ್ದು ಅಂದ್ರು."

"ಬೈಬಲ್ಲಿನ ಯಾವ ವಚನದಾಗ ಐತಂತ?"

"ನಮ್ಮ ಸಭೆ ಹಿರಿಯರೂ ಅದನ್ನ ಕೇಳಿದ್ರು. ಕನಸಿನಾಗ ದೇವರು ನನಗ ಹೇಳ್ಯಾನ ಅಂದ್ರು ಬೋಧಕರು. ಹಿರಿಯರು ಬೈಬಲ್ ಮುಚ್ಚಿ, ಆರಾಧನಿ ಮುಗಸೋ ಕಡೀ ಹಾಡು ಎತ್ತಿಬಿಟ್ರು."

"ಬೋಧಕರ ಪ್ರಸಂಗದ ನಡುವ?"

"ನಮ್ಮಲ್ಲಿ ಅದ ಪದ್ಧತಿ. ವಚನ ತೋರಸ್ಲಿಲ್ಲಂದ್ರ ಜಗಳಾಡಂಗಿಲ್ಲ, ಎಲ್ಲಾರೂ ಎದ್ದು ನಿಂತು ಹಾಡೋದು. ಬೋಧಕರು ಕುಂದರ್ರಿ ಕುಂದರ್ರಿ ಅಂದ್ರು. ನಾವು ಎರಡನೇ ಚರಣ ಹಿಡದ್ವಿ."

ಮಾರ್ಥಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. "ನಿಮ್ಮತ್ತಿ?"

"ಎಲ್ಲಾರಕಿಂತ ಜೋರು ಹಾಡಿದ್ರು. ಆದ್ರೂ ಮನಿಗೆ ಬಂದು ಗುಳಗಿ ಒಗದ್ರು!"

"ಮತ್ತ ಈಗ ಹೆಂಗ ಒಪ್ಪಿದ್ರು?"

"ಬೋಧಕರಿಂದನ. ಅವತ್ತು ಅವರ ಊಟ ನಮ್ಮನ್ಯಾಗ ಇತ್ತು. ಮಿರ್ಚಿ ತಿಂದು ಹೊಟ್ಟಿ ಹಿಡಕೊಂಡು, 'ಅವ್ವಾರ, ಗುಳಗಿ ಏನರ ಐತೇನ್ರಿ?' ಅಂದ್ರು."

ಬಸ್ಸು ಬಂತು. ಇಬ್ಬರೂ ಎದ್ದು ನುಗ್ಗಿದರು. ನಾನೂ ಕಿವಿಗೊಟ್ಟು ಹಿಂದೆಯೇ ಹೋದೆ.

"ಏನಂದ್ರು ನಿಮ್ಮತ್ತಿ?" ಎಂದಳು ಮಾರ್ಥಕ್ಕ.

ಮೆಟ್ಟಿಲ ಮೇಲಿಂದ ರಾಹೇಲ ತಿರುಗಿದಳು. "'ತಿಪ್ಪಿಗೆ ಒಗದೇನ್ರಿ. ಬೇಕಾದ್ರ ಒಂದು ಹಾಡು ಹಾಡ್ತೇನಿ' ಅಂದ್ರು."